ನೂರಕ್ಕೆ ಏಳು ರೊಟ್ಟಿ

ಆರುನೂರು ರೊಟ್ಟಿ. ಹೇಳುವುದು ಸುಲಭ. ಬಡಿದವರಿಗೆ ಗೊತ್ತು.

ಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿ ನಾದಬೇಕು. ಅಂಗೈ ಸುಡುತ್ತದೆ. ನಾದಿದ್ದನ್ನು ಬಡಿಯಬೇಕು. ಭುಜ ಹಿಡಿದುಕೊಳ್ಳುತ್ತದೆ. ಬಡಿದದ್ದನ್ನು ಹಂಚಿಗೆ ಹಾಕಿ ಒದ್ದೆ ಬಟ್ಟೆಯಿಂದ ನೀರು ಸವರಬೇಕು. ಆವಿ ಮುಖಕ್ಕೆ ಹೊಡೆಯುತ್ತದೆ. ಇಷ್ಟನ್ನು ಆರುನೂರು ಸಲ ಮಾಡಿದರೆ ಕನ್ನಡ ಸಂಘದ ಆಮಂತ್ರಣ ಪತ್ರಿಕೆಯಲ್ಲಿ ‘ಊಟದ ವ್ಯವಸ್ಥೆ: ಸ್ವಯಂಸೇವಕರು’ ಎಂದು ಅಚ್ಚಾಗುತ್ತದೆ. ಕಮಲವ್ವನ ಹೆಸರು ಎರಡು ವರ್ಷದಿಂದ ಆ ‘ಸ್ವಯಂಸೇವಕರು’ ಎಂಬುದರ ಹಿಂದೆಯೇ ಇತ್ತು.

ಇರ್ವಿಂಗಿನ ಅವಳ ಅಪಾರ್ಟ್‌ಮೆಂಟಿನಲ್ಲಿ ಹಂಚು ಕಾದರೆ ಸಾಕು, ಸೂರಿನ ಸ್ಮೋಕ್ ಅಲಾರ್ಮ್ ಬೊಬ್ಬೆ ಹೊಡೆಯುತ್ತಿತ್ತು. ಅದಕ್ಕಾಗಿ ಗಂಡ ಇರಣ್ಣನ ಕೈಗೆ ಒಂದು ಟವೆಲ್ ಕೊಟ್ಟು ಅದರ ಕೆಳಗೇ ನಿಲ್ಲಿಸಿದ್ದಳು. ಇರಣ್ಣ ವಾರವಿಡೀ ಇಂಡಿಯನ್ ಅಂಗಡಿಯಲ್ಲಿ ಅಕ್ಕಿ ಮೂಟೆ ಹೊತ್ತು, ರಜೆಯ ದಿನ ಮನೆಯಲ್ಲಿ ಸೂರಿಗೆ ಗಾಳಿ ಬೀಸುತ್ತಿದ್ದ. ಸಿಂಧನೂರಿನಲ್ಲಿ ದೇವರಿಗೂ ಇಷ್ಟು ಚಾಮರ ಬೀಸಿರಲಿಲ್ಲ ಎಂದು ಒಮ್ಮೆ ಹೇಳಿದ. ಅವನು ಮಾತಾಡುವುದು ಕಡಿಮೆ. ಆಡಿದರೆ ಹೀಗೆಯೇ.

ಅದು ಎರಡು ಸಾವಿರದ ಹದಿನೈದರ ನವೆಂಬರ್. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಊರಿನ ಕನ್ನಡಿಗರು ಸೇರಿ ಇರ್ವಿಂಗಿನ ಒಂದು ಶಾಲೆಯ ಹಾಲಿನಲ್ಲಿ ರಾಜ್ಯೋತ್ಸವ ಮಾಡುವವರಿದ್ದರು. ಆ ವರ್ಷದ ಅಧ್ಯಕ್ಷ ಸಿದ್ರಾಮಪ್ಪ. ಇರಣ್ಣನ ಖಾಸಾ ತಮ್ಮ, ಇಂಜಿನಿಯರ್, ಮರ್ಫಿಯಲ್ಲಿ ನಾಲ್ಕು ಬೆಡ್‌ರೂಮಿನ ಮನೆ. ಅಣ್ಣನನ್ನೂ ವೈನಿಯನ್ನೂ ಅಮೆರಿಕಕ್ಕೆ ಕರೆಸಿಕೊಂಡವನು ಅವನೇ. ಆ ಮಾತನ್ನು ಅವನು ಯಾರಿಗೂ ಮರೆಯಲು ಬಿಡುತ್ತಿರಲಿಲ್ಲ.

ಕರೆಸಿಕೊಂಡ ಎಂದರೆ ಅರ್ಜಿ ಹಾಕಿದ. ಒಡಹುಟ್ಟಿದವರಿಗೆ ಅಮೆರಿಕದ ಕಾಯಿದೆಯಲ್ಲಿ ಬೇರೆಯದೇ ಸಾಲು. ಅರ್ಜಿ ಹಾಕಿದ ತಾರೀಕನ್ನು ಬರೆದಿಟ್ಟುಕೊಂಡು, ಆ ತಾರೀಕಿನ ಸರದಿ ಬಂತೇ ಎಂದು ತಿಂಗಳು ತಿಂಗಳು ನೋಡುತ್ತಾ ಕೂರಬೇಕು. ಇರಣ್ಣ, ಕಮಲವ್ವ ಹದಿಮೂರು ವರ್ಷ ಕೂತರು. ಅರ್ಜಿ ಹಾಕಿದಾಗ ಮಗ ದಾನಪ್ಪನಿಗೆ ಹನ್ನೊಂದು. ಸರದಿ ಬಂದಾಗ ಇಪ್ಪತ್ತನಾಲ್ಕು. ಇಪ್ಪತ್ತೊಂದು ದಾಟಿದವನು ಮಗು ಅಲ್ಲ ಎಂದು ಕಾಯಿದೆ ಹೇಳಿತು. ಅವನ ಹೆಸರಿನ ಮೇಲೆ ಗೆರೆ ಎಳೆದರು. ಹೆತ್ತವರು ವಿಮಾನ ಹತ್ತಿದರು, ಮಗ ಬಸ್ ಹತ್ತಿ ಸಿಂಧನೂರಿಗೆ ವಾಪಸ್ ಹೋದ. ಈಗ ಅವನ ಹೆಸರಿನಲ್ಲಿ ಬೇರೆ ಅರ್ಜಿ, ಬೇರೆ ತಾರೀಕು, ಬೇರೆ ಸಾಲು.

ಹಾಗಾಗಿ ಕಮಲವ್ವನಿಗೆ ಇಂಗ್ಲಿಷಿನಲ್ಲಿ ಚೆನ್ನಾಗಿ ಬರುತ್ತಿದ್ದ ಪದ ಒಂದೇ: ಪೆಂಡಿಂಗ್.

ಅದೇ ಪದ ಕೆಳಗಿನ ಮನೆಯ ಹಲೀಮಾಗೂ ಬರುತ್ತಿತ್ತು. ಹಲೀಮಾ ಸುಡಾನಿನವಳು. ಅಲ್ಲಿನ ಯುದ್ಧದಲ್ಲಿ ಗಂಡ ಸತ್ತ, ಊರು ಸುಟ್ಟುಹೋಯಿತು. ಅವಳು ಗಡಿಯಾಚೆಯ ಕ್ಯಾಂಪಿನಲ್ಲಿ ಒಂಬತ್ತು ವರ್ಷ ಇದ್ದು, ನಿರಾಶ್ರಿತಳೆಂದು ಟೆಕ್ಸಸ್ಸಿಗೆ ಬಂದಿದ್ದಳು. ಹೋಟೆಲೊಂದರ ಹಾಸಿಗೆ ಬಟ್ಟೆ ಒಗೆಯುವ ಕೆಲಸ. ಮಗಳು ಮರಿಯಮ್ ಇನ್ನೂ ಆ ಕ್ಯಾಂಪಿನಲ್ಲೇ ಇದ್ದಳು. ಮೊದಲ ದಿನ ಕಮಲವ್ವನ ಮನೆಯಿಂದ ಹೊಗೆ ಬರುವುದನ್ನು ಕಂಡು ಹಲೀಮಾ ಮೇಲೆ ಓಡಿ ಬಂದಳು. ಬೆಂಕಿ ಇರಲಿಲ್ಲ, ರೊಟ್ಟಿ ಇತ್ತು. ಪರಾತಿನ ಹಿಟ್ಟು ಚಿಟಿಕೆ ಎತ್ತಿ ಮೂಸಿ ನೋಡಿದಳು. ‘ದುರಾ’ ಎಂದಳು. ಕಮಲವ್ವ ‘ಜೋಳ’ ಎಂದಳು. ಹಲೀಮಾ ತೋಳೇರಿಸಿ ಬಡಿಯಲು ಕೂತೇಬಿಟ್ಟಳು. ಅವರೂರಲ್ಲೂ ಜೋಳವೇ ಊಟವಂತೆ. ಎರಡೇ ದಿನದಲ್ಲಿ ಅವಳ ರೊಟ್ಟಿ ಕಮಲವ್ವನದಕ್ಕಿಂತ ತೆಳ್ಳಗಾಯಿತು. ಕಮಲವ್ವನಿಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು, ಸುಳ್ಳೇಕೆ ಹೇಳಬೇಕು.

‘ಡಾಟರ್, ಪೆಂಡಿಂಗ್’ ಎಂದಿದ್ದಳು ಹಲೀಮಾ. ‘ಸನ್, ಪೆಂಡಿಂಗ್’ ಎಂದಿದ್ದಳು ಕಮಲವ್ವ. ಅಷ್ಟರಲ್ಲೇ ಇಬ್ಬರ ಪರಿಚಯ ಪೂರ್ತಿ ಆಗಿತ್ತು.

ರಾಜ್ಯೋತ್ಸವದ ವಾರವೇ ಟಿ.ವಿ.ಯಲ್ಲಿ ಗದ್ದಲ ಎದ್ದಿತು. ಪ್ಯಾರಿಸ್‌ನಲ್ಲಿ ಬಾಂಬು ಸಿಡಿದಿತ್ತು. ಸಿರಿಯಾದ ನಿರಾಶ್ರಿತರು ನಮ್ಮ ರಾಜ್ಯಕ್ಕೆ ಬೇಡ ಎಂದು ಟೆಕ್ಸಸ್ಸಿನ ಗವರ್ನರ್ ಪತ್ರ ಬರೆದರು. ಸಂಘದ ವಾಟ್ಸಾಪ್ ಗುಂಪು ಹೋಳಿಗೆಯ ವಿಷಯ ಬಿಟ್ಟು ದೇಶದ ಭದ್ರತೆಯ ವಿಷಯಕ್ಕೆ ಬಂತು. ‘ಮೊಬೈಲ್ ಮಕ್ಕಳಿಗೆ ಒಳ್ಳೆಯದೇ?’ ಎಂದು ಇಟ್ಟಿದ್ದ ಚರ್ಚಾಸ್ಪರ್ಧೆಯ ವಿಷಯವನ್ನು ಸಿದ್ರಾಮಪ್ಪ ರಾತ್ರೋರಾತ್ರಿ ‘ನಿರಾಶ್ರಿತರಿಗೆ ಬಾಗಿಲು ತೆರೆಯಬೇಕೆ?’ ಎಂದು ಬದಲಾಯಿಸಿದ. ಚರ್ಚೆ ಮುಗಿದ ಮೇಲೆ ಒಂದು ನಿರ್ಣಯ ಪಾಸು ಮಾಡಿ, ಎಲ್ಲರ ಸಹಿ ಹಾಕಿಸಿ, ರಾಜಧಾನಿ ಆಸ್ಟಿನ್ನಿನ ಶಾಸಕರಿಗೆ ಕಳಿಸುವುದೆಂದೂ ತೀರ್ಮಾನವಾಯಿತು. ಚರ್ಚೆಯ ಮೊದಲೇ ‘ತೆರೆಯಬಾರದು’ ಎಂಬ ನಿರ್ಣಯ ಟೈಪಾಗಿ ಬಂದಿತ್ತು.

ಶುಕ್ರವಾರ ಸಿದ್ರಾಮಪ್ಪನ ಹೆಂಡತಿ ಹಂಸಾ ರೊಟ್ಟಿ ಎಷ್ಟಾಯಿತು ನೋಡಲು ಬಂದಳು. ಮೈಸೂರಿನ ಹೆಣ್ಣುಮಗಳು, ಮೆತ್ತಗಿನ ಮಾತು. ಹಲೀಮಾ ಹಿಟ್ಟು ನಾದುತ್ತಿದ್ದುದನ್ನು ಕಂಡು ನಕ್ಕಳು, ಹಲೋ ಎಂದಳು, ಕಾರಿಗೆ ಹೋಗಿ ಕೂತು ಅಲ್ಲಿಂದ ಫೋನ್ ಮಾಡಿದಳು.

‘ಅಕ್ಕ, ನನಗೇನೂ ಇಲ್ಲ. ಆದ್ರೆ ಅವಳ ಕೈ ಮುಟ್ಟಿದ್ದು ಅಂತ ಗೊತ್ತಾದ್ರೆ ಜನ ಊಟ ಮಾಡಲ್ಲ. ನಾಳೆ ಅವಳನ್ನ ಕರ್ಕೊಂಡ್ ಬರ್ಬೇಡಿ.’

‘ಆರುನೂರು ರೊಟ್ಟಿ ನಾನೊಬ್ಬಾಕಿ ಹೆಂಗ ಹೊರ್ಲವ್ವಾ?’ ಎಂದಳು ಕಮಲವ್ವ.

ಹಂಸಾ ಯೋಚಿಸಿ ಒಂದು ದಾರಿ ಹೇಳಿದಳು. ಹಲೀಮಾ ಹಿಂದಿನ ಬಾಗಿಲಿಂದ ಬರಲಿ, ಅಡಿಗೆ ಕೋಣೆಯ ಒಳಗೇ ಇರಲಿ, ಹಾಲಿನ ಕಡೆ ಕಾಣಿಸಿಕೊಳ್ಳುವುದು ಬೇಡ. ಅದನ್ನು ಹೇಳುವಾಗಲೂ ಅವಳ ದನಿ ಬಹಳ ಮೆತ್ತಗಿತ್ತು.

ಸಂಜೆ ಸಿದ್ರಾಮಪ್ಪನೇ ಬಂದ. ಕೈಯಲ್ಲಿ ಒಂದು ಹಾಳೆ. ಕಮಲವ್ವ ವೇದಿಕೆಗೆ ಬಂದು ಎರಡು ನಿಮಿಷ ಮಾತಾಡಬೇಕಂತೆ, ಎಲ್ಲರಿಗಿಂತ ಮೊದಲು ನಿರ್ಣಯಕ್ಕೆ ಸಹಿ ಹಾಕಬೇಕಂತೆ. ಡಾಕ್ಟರು, ಇಂಜಿನಿಯರುಗಳು ಹೇಳಿದರೆ ಶ್ರೀಮಂತರ ಮಾತಾಗುತ್ತದೆ. ಬಡವಿಯೊಬ್ಬಳು ಸಾಲಿನಲ್ಲಿ ನಿಂತು ಬಂದೆ ಎಂದರೆ ಶಾಸಕರ ಮನಸ್ಸಿಗೆ ತಟ್ಟುತ್ತದೆ. ಫೋಟೋ ಕೂಡ ಹೋಗುತ್ತದೆ. ಮಾತು ಅವನೇ ಬರೆದು ತಂದಿದ್ದ. ಎರಡು ವರ್ಷದಲ್ಲಿ ಮೊದಲ ಸಲ ತನ್ನನ್ನು ವೇದಿಕೆಗೆ ಕರೆದರಲ್ಲ ಎಂದು ಕಮಲವ್ವನಿಗೆ ಒಂದು ಗಳಿಗೆ ಹಿಗ್ಗಾದದ್ದು ನಿಜ. ಆಮೇಲೆ ಹಾಳೆ ಓದಿದಳು. ‘ಹದಿಮೂರು ವರ್ಷ ಸಂತೋಷದಿಂದ ಕಾದೆ. ಕಾಯಿದೆ ನ್ಯಾಯವಾಗಿದೆ. ನಿರಾಶ್ರಿತರು ಬಂದರೆ ಊರು ಕೆಡುತ್ತದೆ.’

ಟವೆಲ್ ಹಿಡಿದು ನಿಂತಿದ್ದ ಇರಣ್ಣ ತಮ್ಮನನ್ನು ಒಂದೇ ಪ್ರಶ್ನೆ ಕೇಳಿದ: ‘ಬಿಸ್ವಾಸ್ ಮಾಸ್ತರ ಬಂದು ನಮ್ಮೂರು ಕೆಟ್ಟಿತ್ತೇನಪಾ?’

ಬಿಸ್ವಾಸ್ ಮಾಸ್ತರು ಎಂದರೆ ಸಿಂಧನೂರಿನ ಬಂಗಾಲಿ ಕ್ಯಾಂಪಿನವರು. ಗಡಿಯಾಚೆಯಿಂದ ಉಟ್ಟ ಬಟ್ಟೆಯಲ್ಲಿ ಓಡಿ ಬಂದವರಿಗೆ ಸರಕಾರ ಅಲ್ಲಿ ಜಮೀನು ಕೊಟ್ಟು ಕೂರಿಸಿತ್ತು. ಲೆಕ್ಕದಲ್ಲಿ ಎರಡು ಸಲ ಡುಮ್ಕಿ ಹೊಡೆದ ಸಿದ್ರಾಮನಿಗೆ ಮೂರು ವರ್ಷ ಪುಕ್ಕಟೆ ಲೆಕ್ಕ ಕಲಿಸಿದವರು ಅವರೇ. ಸಿದ್ರಾಮಪ್ಪ ಅದು ಬೇರೆ ವಿಷಯ ಎಂದ. ಆಮೇಲೆ ವೈನಿಯ ಕಡೆ ತಿರುಗಿ, ಮರ್ಫಿಯ ಇಪ್ಪತ್ತೆರಡು ಮನೆಗೆ ವಾರವಾರ ರೊಟ್ಟಿ ಹೋಗುವುದು ತನ್ನ ಮಾತಿನ ಮೇಲೆ ಎಂಬುದನ್ನು ನೆನಪಿಸಿ ಹೊರಟುಹೋದ.

ಕಮಲವ್ವ ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ. ಇಪ್ಪತ್ತೆರಡು ಮನೆಯ ರೊಟ್ಟಿಯೆಂದರೆ ಅಪಾರ್ಟ್‌ಮೆಂಟಿನ ಅರ್ಧ ಬಾಡಿಗೆ. ಹಾಳೆಯಲ್ಲಿದ್ದುದೆಂದರೆ ಹಲೀಮಾಳ ಮಗಳ ಮುಖಕ್ಕೆ ಹಾಕುವ ಬಾಗಿಲು, ಅದಕ್ಕೆ ತನ್ನ ಸಹಿ.

ಶನಿವಾರ ಹಾಲ್ ತುಂಬಿತು. ಮುನ್ನೂರು ಜನ. ಕಮಲವ್ವ ಅಡಿಗೆ ಕೋಣೆಯಲ್ಲಿ ಎಣ್ಣೆಗಾಯಿ ಬಿಸಿ ಮಾಡುತ್ತಿದ್ದಳು. ಹಲೀಮಾ ಬಾಗಿಲ ಮರೆಯಲ್ಲಿ ಹಾಲು ತರುವ ಕ್ರೇಟೊಂದನ್ನು ಬೋರಲು ಹಾಕಿಕೊಂಡು ಕೂತು ಕಾಗದದ ನ್ಯಾಪ್ಕಿನ್ ಮಡಚುತ್ತಿದ್ದಳು. ಮೈಕಿನ ದನಿ ಒಳಗೂ ಕೇಳುತ್ತಿತ್ತು.

ಮೊದಲು ಮಾತಾಡಿದವರು ಹ್ಯೂಸ್ಟನ್ ಪಕ್ಕದ ದ ವುಡ್‌ಲ್ಯಾಂಡ್ಸಿನ ಹೃದಯದ ಡಾಕ್ಟರು ಗುರುರಾಜ್. ನಾವೆಲ್ಲ ಸಾಲಿನಲ್ಲಿ ನಿಂತು ಬಂದವರು ಎಂದರು. ಸಾಲು ಎಂಬುದೇ ನಾಗರಿಕತೆ ಎಂದರು. ಚಪ್ಪಾಳೆ ಬಿತ್ತು. ನಿರಾಶ್ರಿತರ ಪರವಾಗಿ ಮಾತಾಡಲು ಯಾರೂ ಮುಂದೆ ಬರದೆ ಚೀಟಿ ಎತ್ತಿದ್ದರು. ಅದು ಆಸ್ಟಿನ್ನಿನ ಚಂದ್ರಮೋಹನನ ಪಾಲಿಗೆ ಬಂದಿತ್ತು. ಅವನು ಗ್ರೀನ್ ಕಾರ್ಡಿಗಾಗಿ ಹನ್ನೊಂದು ವರ್ಷದಿಂದ ಕಾಯುತ್ತಿದ್ದವನು. ಎರಡು ನಿಮಿಷ ಮಾನವೀಯತೆ ಎಂದ. ಮೂರನೆಯ ನಿಮಿಷಕ್ಕೆ ತನ್ನ ಗೋಳು ನೆನಪಾಯಿತು. ಯಾವ ದೇಶಕ್ಕೂ ನೂರಕ್ಕೆ ಏಳಕ್ಕಿಂತ ಹೆಚ್ಚು ಗ್ರೀನ್ ಕಾರ್ಡ್ ಇಲ್ಲ, ಇಂಡಿಯಾದಂಥ ದೊಡ್ಡ ದೇಶಕ್ಕೂ ಏಳೇ, ಅಂಗೈ ಅಗಲದ ದೇಶಕ್ಕೂ ಏಳೇ, ಇದ್ಯಾವ ನ್ಯಾಯ ಎಂದು ಕೂಗಾಡಿದ. ಐದನೆಯ ನಿಮಿಷಕ್ಕೆ ನಿರಾಶ್ರಿತರ ವಿರುದ್ಧವೇ ಮಾತು ಮುಗಿಸಿದ. ಪರ ವಾದಿಸಿದ್ದಕ್ಕೆ ಮೊದಲ ಬಹುಮಾನ ಅವನಿಗೇ ಬಂತು.

ಅವರೇನು ಹೇಳುತ್ತಿದ್ದಾರೆ ಎಂದು ಹಲೀಮಾ ಕೇಳಿದಳು. ಕಮಲವ್ವ ‘ಸಾಂಗ್’ ಎಂದು ಸುಳ್ಳು ಹೇಳಿದಳು. ಆದರೆ ಕನ್ನಡದ ನಡುನಡುವೆ ರೆಫ್ಯೂಜಿ, ರೆಫ್ಯೂಜಿ ಎಂದು ಕೇಳಿಬರುತ್ತಲೇ ಇತ್ತು. ಆ ಒಂದು ಪದಕ್ಕೆ ಹಲೀಮಾಗೆ ಕನ್ನಡ ಬರಬೇಕಿರಲಿಲ್ಲ. ಅವಳು ನ್ಯಾಪ್ಕಿನ್ ಮಡಚುವುದನ್ನು ನಿಲ್ಲಿಸಲಿಲ್ಲ, ಇನ್ನಷ್ಟು ಚಿಕ್ಕದಾಗಿ ಮಡಚತೊಡಗಿದಳು.

ಆಮೇಲೆ ಕಮಲವ್ವನ ಹೆಸರು ಕೂಗಿದರು. ಅವಳು ಹೋಗಲಿಲ್ಲ. ಕೈ ಖಾಲಿ ಇಲ್ಲ ಎಂದು ಇರಣ್ಣನ ಕೈಲಿ ಹೇಳಿ ಕಳಿಸಿದಳು. ಅಲ್ಲಿಗೆ ಮುಗಿಯಿತು ಎಂದುಕೊಂಡಳು. ಮುಗಿಯಲಿಲ್ಲ. ನಮ್ಮ ವೈನಿಯವರ ಪರವಾಗಿ ನಾನೇ ಓದುತ್ತೇನೆ ಎಂದು ಸಿದ್ರಾಮಪ್ಪ ಮೈಕಿಗೆ ಬಂದ.

‘ನಾನು ಕಮಲವ್ವ’ ಎಂದು ಅವನ ಗಡಸು ದನಿ ಶುರುವಾಯಿತು. ಎಣ್ಣೆಗಾಯಿಯಲ್ಲಿ ಸೌಟು ನಿಂತಿತು. ‘ಹದಿಮೂರು ವರ್ಷ ಸಂತೋಷದಿಂದ ಕಾದೆ. ಕಾಯಿದೆ ನ್ಯಾಯವಾಗಿದೆ.’

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಬಡ ಹೆಣ್ಣುಮಗಳ ದೊಡ್ಡ ಮನಸ್ಸಿಗೆ. ನಿರ್ಣಯಕ್ಕೆ ಎಲ್ಲರೂ ಕೈ ಎತ್ತಿದರು. ಬಾಗಿಲ ಸಂದಿಯಿಂದ ಕಮಲವ್ವ ಆ ಕೈಗಳನ್ನು ನೋಡಿದಳು. ರೊಟ್ಟಿ ಬಡಿದ ಕೈ ಅವುಗಳಲ್ಲಿ ಒಂದೂ ಇರಲಿಲ್ಲ. ದಾನಪ್ಪ ಬಸ್ ಹತ್ತುವಾಗ ತಿರುಗಿ ನೋಡದೆ ಹೋದದ್ದು ನೆನಪಾಯಿತು. ಸಂತೋಷದಿಂದ ಕಾದಳಂತೆ. ಕಾಯುವುದು ಅಷ್ಟು ಸಂತೋಷದ ಕೆಲಸವಾದರೆ ಇವರೂ ಒಂದಿಷ್ಟು ಸಂತೋಷಪಡಲಿ ಎಂದುಕೊಂಡು ಸೌಟು ಕೆಳಗಿಟ್ಟಳು.

ಊಟಕ್ಕೆ ಕರೆದರು. ಸಾಲೇ ನಾಗರಿಕತೆ ಎಂದಿದ್ದ ಮುನ್ನೂರು ಜನ ಒಟ್ಟಿಗೆ ನುಗ್ಗಿದರು. ಪ್ರಾಯೋಜಕರು ಮೊದಲು, ಅವರ ನೆಂಟರು ಆಮೇಲೆ, ಪ್ಲೇಟಿನ ಮೇಲೆ ಕರ್ಚೀಫು ಇಟ್ಟು ಜಾಗ ಹಿಡಿದವರು ನಡುವೆ. ಎಲ್ಲರಿಗಿಂತ ಮುಂದೆ ಡಾಕ್ಟರ್ ಗುರುರಾಜ್.

ಕಮಲವ್ವ ರೊಟ್ಟಿಯ ಬುಟ್ಟಿಗೆ ಮುಚ್ಚಳ ಹಾಕಿ, ಅದರ ಮುಂದೆ ಕುರ್ಚಿ ಎಳೆದುಕೊಂಡು ಕೂತಳು.

‘ಯಾವ ಜಿಲ್ಲಾದಾಗ ಹುಟ್ಟೀರಿ?’

ಗುರುರಾಜ್ ನಕ್ಕು, ಮೈಸೂರು ಎಂದರು.

‘ಮೈಸೂರಿನವರು ಬಾಳ ಮಂದಿ ಅದೀರಿ. ಯಾವ ಜಿಲ್ಲಾಕ್ಕೂ ನೂರಕ್ಕ ಏಳಕಿಂತ ಹೆಚ್ಚು ರೊಟ್ಟಿ ಇಲ್ಲ. ನಿಮ್ಮ ತಾರೀಕು ಬರ್ಕೊಂತೀವಿ, ಸರದಿ ಬಂದಾಗ ಕರೀತೀವಿ.’

ತಮಾಷೆ ಎಂದುಕೊಂಡು ಸಾಲು ನಕ್ಕಿತು. ಮುಚ್ಚಳ ತೆರೆಯಲಿಲ್ಲ. ಇರಣ್ಣ ಒಂದು ನ್ಯಾಪ್ಕಿನ್ನಿನ ಮೇಲೆ ನಿಜವಾಗಿಯೂ ‘ಮೈಸೂರು, ಒಂದು ಗಂಟೆ ಹತ್ತು ನಿಮಿಷ’ ಎಂದು ಬರೆದ. ಹಿಂದಿನಿಂದ ಬೆಂಗಳೂರಿನವರು ತಳ್ಳತೊಡಗಿದರು. ಅವರಿಗೂ ನ್ಯಾಪ್ಕಿನ್ ಸಿಕ್ಕಿತು. ಒಬ್ಬರು ತಮ್ಮ ತಾಯಿ ಬೀದರಿನವರು ಎಂದರು. ತಾಯಿ ಲೆಕ್ಕಕ್ಕಿಲ್ಲ, ಹೆಂಡತಿ ಬೀದರಿನವಳಾದರೆ ನಡೆಯುತ್ತದೆ ಎಂದು ಇರಣ್ಣ ಕಾಯಿದೆ ಹೇಳಿದ. ಅವರು ಹೆಂಡತಿಯ ಮುಖ ನೋಡಿದರು. ಆಕೆ ಮಂಡ್ಯದವಳು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಆಕೆ ಮೊದಲ ಸಲ ತಪ್ಪಿತಸ್ಥಳ ಹಾಗೆ ನಿಂತಳು. ಮತ್ತೊಬ್ಬರ ಮಗನಿಗೆ ಇಪ್ಪತ್ತೆರಡು. ಅಪ್ಪನ ಜೊತೆ ಉಣ್ಣುವ ವಯಸ್ಸು ದಾಟಿದೆ, ಬೇರೆ ಸಾಲಿಗೆ ಹೋಗಲಿ ಎಂದಳು ಕಮಲವ್ವ. ಅದನ್ನು ಹೇಳುವಾಗ ಮಾತ್ರ ಅವಳು ಆ ಹುಡುಗನ ಮುಖ ನೋಡಲಿಲ್ಲ.

ಕೊನೆಯಲ್ಲಿ ನಿಂತಿದ್ದ ಚಂದ್ರಮೋಹನನನ್ನು ಕರೆದಳು. ಅವನು ಕೊಡಗಿನವನು. ಇಡೀ ಹಾಲಿನಲ್ಲಿ ಕೊಡಗಿನವನು ಅವನೊಬ್ಬನೇ.

‘ನಿಮ್ದು ಸರದಿ ಬಂದೈತಿ, ಬರ್ರಿ’ ಎಂದು ನಾಲ್ಕು ರೊಟ್ಟಿ ಹಾಕಿದಳು.

ಚಂದ್ರಮೋಹನ ಪ್ಲೇಟು ಹಿಡಿದು ನಿಂತೇ ಇದ್ದ. ಹನ್ನೊಂದು ವರ್ಷದಲ್ಲಿ ಅವನ ಸರದಿ ಮೊದಲ ಸಲ ಬಂದಿತ್ತು. ಅವನ ಕಣ್ಣಲ್ಲಿ ನೀರಾಡಿತೆಂದು ಇರಣ್ಣ ಆಮೇಲೆ ಎಷ್ಟೋ ದಿನ ಹೇಳಿಕೊಂಡು ನಗುತ್ತಿದ್ದ.

ಹತ್ತು ನಿಮಿಷ ಕಳೆಯಿತು. ನಗು ನಿಂತಿತು. ಹಂಸಾ ಬಂದು ಅಕ್ಕ, ಪ್ಲೀಸ್ ಎಂದಳು. ಸಿದ್ರಾಮಪ್ಪ ವೇದಿಕೆಯಿಂದಲೇ ಕಣ್ಣು ಬಿಟ್ಟ. ಗುರುರಾಜ್ ಮೇಜು ಹಿಡಿದುಕೊಂಡರು. ಅವರ ಹಣೆ ಬೆವರಿತ್ತು.

‘ನೋಡಿಮ್ಮಾ, ನನಗೆ ಶುಗರ್ ಇದೆ. ಇಂಜೆಕ್ಷನ್ ತಗೊಂಡಾಗಿದೆ. ಈಗ ತಿನ್ನದೆ ಇದ್ರೆ ಇಲ್ಲೇ ಬೀಳ್ತೀನಿ.’

‘ಬೀಳೋ ಮಂದಿಗೆ ಬ್ಯಾರೆ ಸಾಲು ಇರತೈತ್ರಿ ಡಾಕ್ಟರೇ’ ಎಂದಳು ಕಮಲವ್ವ. ‘ಜೀವ ಹೋಗೋರು ತಾರೀಕು ನೋಡ್ಕೊಂತ ನಿಲ್ಲಾಕ ಆಗಂಗಿಲ್ಲ ಅಂತ ಅದನ್ನ ಮಾಡ್ಯಾರ. ಆ ಸಾಲು ಬ್ಯಾಡಂತ ಅರ್ಧ ತಾಸಿನ ಹಿಂದ ನೀವ ಕೈ ಎತ್ತೀರಿ.’

ಗುರುರಾಜರ ಕೈ ನಡುಗುತ್ತಿತ್ತು. ಕಮಲವ್ವನಿಗೂ ಒಳಗೆ ಭಯವಾಯಿತು. ಇಷ್ಟರ ಮುಂದೆ ಏನು ಮಾಡಬೇಕೆಂದು ಅವಳು ಯೋಚಿಸಿಯೇ ಇರಲಿಲ್ಲ.

ಆಗ ಬಾಗಿಲ ಮರೆಯಿಂದ ಹಲೀಮಾ ಎದ್ದು ಬಂದಳು. ಆ ನಡುಗುವ ಕೈಯನ್ನು ಅವಳು ಸಂದಿಯಿಂದಲೇ ಕಂಡಿದ್ದಳು. ಒಂಬತ್ತು ವರ್ಷ ಕ್ಯಾಂಪಿನಲ್ಲಿದ್ದವಳಿಗೆ ಅದು ಏನೆಂದು ಯಾರೂ ಹೇಳಬೇಕಿರಲಿಲ್ಲ. ಶೇಂಗಾ ಹೋಳಿಗೆ ಮುರಿದು ಡಾಕ್ಟರ ಬಾಯಿಗೇ ಇಟ್ಟಳು. ಕುರ್ಚಿ ಎಳೆದು ಕೂರಿಸಿದಳು. ಬುಟ್ಟಿಯ ಮುಚ್ಚಳ ತೆಗೆದು ಎರಡು ರೊಟ್ಟಿ, ಎಣ್ಣೆಗಾಯಿ ಹಾಕಿ ತೊಡೆಯ ಮೇಲಿಟ್ಟಳು. ಯಾವ ಜಿಲ್ಲೆ, ಯಾವ ತಾರೀಕು ಎಂದು ಕೇಳಲಿಲ್ಲ.

‘ಈಟ್’ ಎಂದಳು.

ಡಾಕ್ಟರು ತಿಂದರು. ಬಣ್ಣ ಮುಖಕ್ಕೆ ವಾಪಸ್ ಬಂತು. ಇದು ಯಾರ ಕೈಯ ರೊಟ್ಟಿ, ಇಷ್ಟು ತೆಳ್ಳಗಿದೆ ಎಂದು ಕೇಳಿದರು. ಕಮಲವ್ವ ಹಲೀಮಾಳನ್ನು ತೋರಿಸಿದಳು. ಸುಡಾನ್, ಯುದ್ಧ, ಕ್ಯಾಂಪು, ಮಗಳು ಪೆಂಡಿಂಗ್ ಎಂದು ಇಡೀ ಹಾಲಿಗೆ ಕೇಳುವಂತೆ ಹೇಳಿದಳು. ಆರುನೂರರಲ್ಲಿ ಮುನ್ನೂರು ಈಕೆಯವು, ಯಾವುದು ಯಾರದೆಂದು ನನಗೂ ಗೊತ್ತಿಲ್ಲ, ಬೇಕಾದವರು ಬರಲಿ, ಬೇಡವಾದವರು ಹೋಗಲಿ ಎಂದಳು. ಹನ್ನೊಂದು ಮಂದಿ ಪಿಜ್ಜಾ ತಿನ್ನಲು ಹೊರಟುಹೋದರು. ಉಳಿದವರು ಸಾಲು ಹಿಡಿದರು. ಈ ಸಲ ನಿಜವಾದ ಸಾಲು, ಯಾರೂ ನುಗ್ಗಲಿಲ್ಲ. ಹಲೀಮಾ ಮೇಜಿನ ಈಚೆ ನಿಂತು, ಎಲ್ಲರಿಗೂ ಕಾಣುವ ಹಾಗೆ ಬಡಿಸಿದಳು.

ಅದರಿಂದ ಲೋಕವೇನೂ ತಲೆಕೆಳಗಾಗಲಿಲ್ಲ. ಉಂಡ ಕೈ ತೊಳೆದುಕೊಂಡು ಬಂದು ನೂರ ಎಂಬತ್ತು ಜನ ನಿರ್ಣಯಕ್ಕೆ ಸಹಿ ಹಾಕಿದರು. ಗುರುರಾಜ್ ಮಾತ್ರ ಪೆನ್ನು ಸಿಗಲಿಲ್ಲ ಎಂದು ಹೇಳಿ ಕಾರು ಹತ್ತಿದರು. ಅವರ ಜೇಬಿನಲ್ಲೇ ಎರಡು ಪೆನ್ನಿದ್ದವು. ಪತ್ರ ಆಸ್ಟಿನ್ನಿಗೆ ಹೋಗೇ ಹೋಗುವುದಿತ್ತು. ಕಮಲವ್ವನ ಸಹಿಗೆಂದು ಬಿಟ್ಟಿದ್ದ ಮೇಲಿನ ಮೊದಲ ಗೆರೆಯೊಂದು ಖಾಲಿ ಇತ್ತು, ಅಷ್ಟೇ.

ಹಾಲ್ ಖಾಲಿಯಾದ ಮೇಲೆ ಸಿದ್ರಾಮಪ್ಪ ಆ ನಿರ್ಣಯದ ಹಾಳೆ ಹಿಡಿದು ಅಡಿಗೆ ಕೋಣೆಗೆ ಬಂದ. ಮುನ್ನೂರು ಜನರ ಮುಂದೆ ಮಾನ ಕಳೆದಿರಿ ಎಂದ. ಕಾಲು ಊರಲು ನೆಲ ಕೊಟ್ಟವನು ನಾನು ಎಂದ. ಸಹಿ ಹಾಕದಿದ್ದರೆ ಮರ್ಫಿಯ ಒಂದು ಮನೆಗೂ ನಾಳೆಯಿಂದ ನಿಮ್ಮ ರೊಟ್ಟಿ ಬೇಡ ಎಂದ. ಕಮಲವ್ವ ಪಾತ್ರೆ ತಿಕ್ಕುತ್ತಲೇ ಕೇಳಿಸಿಕೊಂಡಳು. ಆಮೇಲೆ ಕೈ ಒರೆಸಿಕೊಂಡು ಹಾಳೆ ಇಸಿದುಕೊಂಡಳು.

‘ನನ್ನ ಮಗನ್ನ ಗೆರಿ ಎಳದು ಅಳಿಸಿದ ಕಾಯಿದೆ ಇದು. ಅದನ್ನ ನನ್ನ ಬಾಯಾಗ ನ್ಯಾಯ ಅನಿಸಿದಿ. ನಾ ಹಾಕಂಗಿಲ್ಲ, ಸಿದ್ರಾಮ. ಮರ್ಫಿ ರೊಟ್ಟಿ ಹ್ವಾದ್ರ ಹೋಗ್ಲಿ.’

‘ಹಂಗಾರ ಈ ಹಾಳಿ ಏನ್ ಮಾಡ್ಲಿ?’

‘ಇಲ್ಲೇ ಇಡು’ ಎಂದಳು. ‘ಪೆಂಡಿಂಗ್.’

ಕ್ರೇಟಿನ ಮೇಲೆ ಕೂತಿದ್ದ ಹಲೀಮಾ ಆ ಪದಕ್ಕೆ ತಲೆಯೆತ್ತಿದಳು. ಅರ್ಥವಾಯಿತೋ ಏನೋ, ಆ ದಿನದಲ್ಲಿ ಮೊದಲ ಸಲ ನಕ್ಕಳು.

ಸಿದ್ರಾಮಪ್ಪ ಬೆಳಗಿನಿಂದ ಏನೂ ತಿಂದಿರಲಿಲ್ಲ. ಮೈಕ್ ಬಿಟ್ಟು ಇಳಿಯಲು ಪುರುಸೊತ್ತಾಗಿರಲಿಲ್ಲ. ಸಿಟ್ಟಿನಲ್ಲಿದ್ದರೂ ಹೊಟ್ಟೆ ಕೇಳಬೇಕಲ್ಲ. ಬುಟ್ಟಿಯ ಕಡೆ ಕೈ ಚಾಚಿದ. ತಳದಲ್ಲಿ ಮೂರೇ ರೊಟ್ಟಿ ಉಳಿದಿದ್ದವು. ಬಡಿಸಿ ಮುಗಿಸಿ ಇನ್ನೂ ಉಣ್ಣದ ಕಮಲವ್ವ, ಹಲೀಮಾ, ಇರಣ್ಣ ಮೂವರಿಗೆ.

ಇರಣ್ಣ ಬಂದು ಮುಚ್ಚಳದ ಮೇಲೆ ಕೈಯಿಟ್ಟ. ಕಿಸೆಯಿಂದ ಒಂದು ನ್ಯಾಪ್ಕಿನ್ ತೆಗೆದು ತಮ್ಮನ ಮುಂದೆ ಹಿಡಿದ.

‘ತಮ್ಮಾ, ನಿಂದು ಒಡಹುಟ್ಟಿದವರ ಸಾಲು. ಹದಿಮೂರು ವರ್ಷ ಆಗತೈತಿ. ಇವತ್ತಿನ ತಾರೀಕು ಬರ್ಕೊ.’